ಮರಳದಿಬ್ಬದ ಲೆಕ್ಕ: ಬಿರುಗಾಳಿ ಉಬ್ಬರ ಮತ್ತು ಕಡಲ್ಕೊರೆತದ ಗಣಕಮಾದರಿಗಳ ಚರಿತ್ರೆ

ಬಿರುಗಾಳಿ ಎದ್ದು ಕಡಲು ಉಕ್ಕಿದಾಗ ತೀರದ ಮರಳದಿಬ್ಬದಿಂದ ಎಷ್ಟು ಮರಳು ಕುಸಿಯುತ್ತದೆ, ಕುಸಿದ ಮರಳು ಎಲ್ಲಿ ಹೋಗಿ ನೆಲೆಗೊಳ್ಳುತ್ತದೆ, ದಿಬ್ಬದ ಹಿಂದಿರುವ ಊರು ಬೆಳಗಿನವರೆಗೆ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಲೆಕ್ಕದ ಮೂಲಕ ಉತ್ತರ ಕಂಡುಕೊಳ್ಳುವ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ ಬೆಳೆದದ್ದು. ಇಂದು ಈ ಲೆಕ್ಕವನ್ನು ಗಣಕಮಾದರಿಗಳು ಮಾಡುತ್ತವೆ. ಎಂದರೆ, ನೀರಿನ ಚಲನೆಯನ್ನೂ ಮರಳಿನ ಸಾಗಣೆಯನ್ನೂ ಸಮೀಕರಣಗಳಾಗಿ ಬರೆದು, ತೀರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದಲ್ಲಿ ನೀರಿನ ಮಟ್ಟ, ಅದರ ವೇಗ, ಅದು ಹೊತ್ತೊಯ್ಯುವ ಮರಳು ಇವುಗಳನ್ನು ಕ್ಷಣಕ್ಷಣಕ್ಕೂ ಗಣಿಸುತ್ತ ಹೋಗುವ ಕಂಪ್ಯೂಟರ್ ಕಾರ್ಯಕ್ರಮಗಳು. ಇಂಥ ಮಾದರಿಗಳ ಚರಿತ್ರೆಯನ್ನು ಕಂಪ್ಯೂಟರಿನ ವೇಗ ಹೆಚ್ಚಿದ ಚರಿತ್ರೆಯೆಂದೇ ತಿಳಿಯುವುದು ರೂಢಿಯಾಗಿದೆ. ಆದರೆ ಈ ವಿದ್ಯೆ ಅತ್ಯಂತ ಆಳವಾಗಿ ಬೇರೂರಿದ ನೆದರ್ಲೆಂಡ್ಸ್ ದೇಶದ ಅನುಭವವನ್ನು ಹತ್ತಿರದಿಂದ ಪರಿಶೀಲಿಸಿದರೆ, ಲೆಕ್ಕದ ಒಂದೊಂದು ಮುನ್ನಡೆಯ ಹಿಂದೆಯೂ ತೀರವನ್ನು ತಾಳ್ಮೆಯಿಂದ ಅಳೆದಿಟ್ಟ ಜನರ ದುಡಿಮೆ ಕಾಣುತ್ತದೆ, ಮತ್ತು ಆ ದುಡಿಮೆ ಇಲ್ಲದೆಡೆ ಎಷ್ಟೇ ಬಲಶಾಲಿಯಾದ ಕಂಪ್ಯೂಟರೂ ಹೆಚ್ಚೇನನ್ನೂ ಹೇಳಲಾರದೆಂಬುದು ಸ್ಪಷ್ಟವಾಗುತ್ತದೆ.

ನೆದರ್ಲೆಂಡ್ಸಿನ ಗಣನೀಯ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನದಿಮುಖಗಳ ಸುತ್ತಲಿನ ಭೂಮಿಯನ್ನು ಅಲ್ಲಿನವರು ಮಣ್ಣಿನ ಏರಿಗಳನ್ನು ಕಟ್ಟಿ ಕಾಪಾಡಿಕೊಂಡರೆ, ಉತ್ತರ ಸಮುದ್ರಕ್ಕೆ ಮುಖಮಾಡಿರುವ ಪಶ್ಚಿಮ ತೀರದ ಬಹುಭಾಗವನ್ನು ಗಾಳಿ ತಂದು ಸುರಿದ ಮರಳದಿಬ್ಬಗಳ ಸಾಲೇ ಕಾಯುತ್ತದೆ. ಆದ್ದರಿಂದ ಬೇರೆ ದೇಶಗಳಲ್ಲಿ ಕಡಲ್ಕೊರೆತವು ತೀರದ ಮನೆ, ರಸ್ತೆ, ತೋಟಗಳ ಸಮಸ್ಯೆಯಾಗಿದ್ದರೆ, ಇಲ್ಲಿ ಒಂದು ದಿಬ್ಬ ಸೀಳಿತೆಂದರೆ ಅದರ ಹಿಂದಿನ ನಗರಗಳೇ ಮುಳುಗುವ ಸಂಭವವಿತ್ತು. ಮರಳು ಎಷ್ಟು ಕುಸಿಯುತ್ತದೆಂಬ ಲೆಕ್ಕವು ಅಲ್ಲಿ ಆಡಳಿತದ ಹೊಣೆಯಾಗಿ ಬೆಳೆದುಬಂದದ್ದು ಈ ಕಾರಣದಿಂದ.

ಬಿರುಗಾಳಿ ಉಬ್ಬರವೆಂದರೆ, ಸೂರ್ಯಚಂದ್ರರ ಸೆಳೆತದಿಂದ ಬರುವ ದಿನನಿತ್ಯದ ಭರತ-ಇಳಿತಗಳ ಮೇಲೆ ಗಾಳಿ ಮತ್ತು ವಾಯುಒತ್ತಡಗಳು ಸೇರಿ ಏರಿಸುವ ಹೆಚ್ಚುವರಿ ನೀರು. ವಾಯುಒತ್ತಡ ಒಂದು ಮಿಲಿಬಾರಿನಷ್ಟು ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಆದರೆ ಆಳ ಕಡಿಮೆಯಿರುವ ಕಡಲಿನ ಮೇಲೆ ಬಹುಹೊತ್ತು ಒಂದೇ ದಿಕ್ಕಿನಿಂದ ಬೀಸುವ ಗಾಳಿ ದಡದತ್ತ ತಳ್ಳಿ ಪೇರಿಸುವ ನೀರಿನ ಎದುರು ಈ ಏರಿಕೆ ಅಲ್ಪವೇ ಸರಿ. ಉಬ್ಬರದ ನೀರು ತಾನಾಗಿ ಮರಳದಿಬ್ಬವನ್ನು ಕೊರೆಯುವುದಕ್ಕಿಂತ ಹೆಚ್ಚಾಗಿ, ಸಾಮಾನ್ಯ ದಿನಗಳಲ್ಲಿ ದೂರದಲ್ಲೇ ಮುರಿದು ಸೋಲುವ ಅಲೆಗಳನ್ನು ದಿಬ್ಬದ ಬುಡದವರೆಗೆ ಕರೆತರುತ್ತದೆ. ಹೀಗೆ ನೀರಿನ ಮಟ್ಟದ ಲೆಕ್ಕ ಮತ್ತು ಮರಳಿನ ಲೆಕ್ಕ ಎಂಬ ಎರಡು ಬೇರೆ ಬೇರೆ ಸಮಸ್ಯೆಗಳಿದ್ದು, ಇವೆರಡರಲ್ಲಿ ಮೊದಲನೆಯದು ಬಹಳ ಬೇಗ ಕೈಗೆ ಬಂದಿತು, ಎರಡನೆಯದಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ನೀರಿನ ಲೆಕ್ಕವನ್ನು ಶಾಸ್ತ್ರೀಯವಾಗಿ ಆರಂಭಿಸಿದವರು ಒಬ್ಬ ಭೌತವಿಜ್ಞಾನಿ ಎಂಬುದು ಗಮನಾರ್ಹ. 1916ರ ಜನವರಿಯಲ್ಲಿ ಜೌಡರ್‌ಜೇ ಎಂಬ ಒಳಗಡಲಿನ ಸುತ್ತ ಭಾರೀ ನೆರೆ ಬಂದು, ಆ ಒಳಗಡಲಿನ ಬಾಯಿಗೆ ಉದ್ದದ ಅಣೆಯೊಂದನ್ನು ಕಟ್ಟಿ ಮುಚ್ಚುವ ಎಂಜಿನಿಯರ್ ಕಾರ್ನೆಲಿಸ್ ಲೆಲಿಯವರ ಹಳೆಯ ಯೋಜನೆಗೆ 1918ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಬಾಯಿ ಮುಚ್ಚಿದ ಮೇಲೆ ಒಳಗೆ ಹೋಗಲಾರದ ನೀರು ಅಣೆಯ ಹೊರಗಿನ ವಾಡನ್ ಸಮುದ್ರದಲ್ಲಿ ಎಷ್ಟು ಏರಬಹುದು, ಫ್ರೀಸ್‌ಲ್ಯಾಂಡ್ ತೀರದ ಏರಿಗಳನ್ನು ಎಷ್ಟು ಎತ್ತರಿಸಬೇಕು ಎಂಬುದನ್ನು ತಿಳಿಯಲು ಸರ್ಕಾರ ಒಂದು ಸಮಿತಿಯನ್ನು ನೇಮಿಸಿ, 1902ರ ನೊಬೆಲ್ ಪುರಸ್ಕೃತ ಹೆಂಡ್ರಿಕ್ ಲೊರೆಂಟ್ಸ್ ಅವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಹೆಸರಿಗಷ್ಟೇ ಅಧ್ಯಕ್ಷರಾಗಿರದೆ ಲೊರೆಂಟ್ಸ್ ಎಂಟು ವರ್ಷ ಈ ಕೆಲಸದಲ್ಲಿ ಸ್ವತಃ ತೊಡಗಿದರು. ಹರಿಯುವ ನೀರಿಗೆ ತಳ ಒಡ್ಡುವ ಘರ್ಷಣೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಎಂದರೆ ವೇಗ ಇಮ್ಮಡಿಯಾದರೆ ಘರ್ಷಣೆ ನಾಲ್ಮಡಿಯಾಗುತ್ತದೆ. ಇದರಿಂದ ಸಮೀಕರಣಗಳು ಕೈಲೆಕ್ಕಕ್ಕೆ ಒಗ್ಗದಷ್ಟು ಜಟಿಲವಾಗುತ್ತವೆ. ಭರತದ ಒಂದು ಪೂರ್ಣ ಆವರ್ತದಲ್ಲಿ ನಷ್ಟವಾಗುವ ಶಕ್ತಿ ಬದಲಾಗದಂತೆ ನೋಡಿಕೊಂಡು, ಘರ್ಷಣೆಯನ್ನು ವೇಗಕ್ಕೆ ನೇರ ಅನುಪಾತದಲ್ಲಿರುವಂತೆ ಮಾರ್ಪಡಿಸಿದ್ದು ಅವರ ಮುಖ್ಯ ಸಾಧನೆ. ಒಳಗಡಲಿನ ಕಾಲುವೆಗಳನ್ನು ತುಂಡು ತುಂಡಾಗಿ ವಿಭಾಗಿಸಿ ಒಂದೊಂದನ್ನೂ ಕೈಯಿಂದಲೇ ಗಣಿಸಿದ ಸಮಿತಿಯ ವರದಿ 1926ರಲ್ಲಿ ಹೊರಬಂದಿತು. ಲೊರೆಂಟ್ಸ್ 1928ರಲ್ಲಿ ತೀರಿಕೊಂಡರು. 1932ರಲ್ಲಿ ಅಣೆ ಪೂರ್ಣಗೊಂಡ ಬಳಿಕ ಅಳೆದು ನೋಡಿದಾಗ ಭರತದ ಏರಿಕೆ ಅವರ ಲೆಕ್ಕಕ್ಕೆ ಬಹಳ ಸಮೀಪವಾಗಿತ್ತು. ತೀರವನ್ನು ತುಂಡುಗಳಾಗಿಸಿ ಸಮೀಕರಣ ಬಿಡಿಸುವ ಇಂದಿನ ಗಣಕಮಾದರಿಯ ಕ್ರಮ ಕಂಪ್ಯೂಟರ್ ಹುಟ್ಟುವುದಕ್ಕೆ ಮುಂಚೆಯೇ ಇಲ್ಲಿ ರೂಪುಗೊಂಡಿತ್ತೆಂದು ಹೇಳಬಹುದು.

ಮುಂದಿನ ತಲೆಮಾರಿನಲ್ಲಿ ಈ ಕೆಲಸವನ್ನು ಹೊತ್ತವರು ನೆದರ್ಲೆಂಡ್ಸಿನ ಜಲ ಹಾಗೂ ಲೋಕೋಪಯೋಗಿ ಇಲಾಖೆಯಾದ ರಾಯ್ಕ್ಸ್‌ವಾಟರ್‌ಸ್ಟಾಟ್‌ನ ಎಂಜಿನಿಯರ್ ಯೋಹಾನ್ ಫಾನ್ ವೇನ್. ಕಾಲುವೆಯಲ್ಲಿ ನೀರು ಹರಿಯುವುದಕ್ಕೂ ತಂತಿಯಲ್ಲಿ ವಿದ್ಯುತ್ತು ಹರಿಯುವುದಕ್ಕೂ ಸಮೀಕರಣಗಳ ಮಟ್ಟದಲ್ಲಿ ಸಾಮ್ಯವಿರುವುದನ್ನು ಹಿಡಿದು, ನೀರಿನ ಮಟ್ಟದ ಬದಲಿಗೆ ವೋಲ್ಟೇಜನ್ನೂ ಹರಿವಿನ ಬದಲಿಗೆ ವಿದ್ಯುತ್ ಪ್ರವಾಹವನ್ನೂ ಇಟ್ಟು ಭರತವನ್ನು ಅನುಕರಿಸುವ ಉಪಕರಣಗಳನ್ನು ಅವರು ರೂಪಿಸತೊಡಗಿದರು. ನೈಋತ್ಯ ಭಾಗದ ಏರಿಗಳು ಸಾಲದಷ್ಟು ತಗ್ಗಾಗಿವೆ ಎಂದು ಅವರು ವರ್ಷಗಳ ಕಾಲ ಎಚ್ಚರಿಸುತ್ತಲೇ ಬಂದರು. ಎರಡನೆಯ ಮಹಾಯುದ್ಧ ಮತ್ತು ಅದರ ನಂತರದ ಪುನರ್ನಿರ್ಮಾಣದ ಖರ್ಚುಗಳ ನಡುವೆ ಈ ಎಚ್ಚರಿಕೆಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

1953ರ ಜನವರಿ 31ರ ರಾತ್ರಿ, ಹುಣ್ಣಿಮೆಯ ಬೆನ್ನಿಗೆ ಬರುವ ದೊಡ್ಡ ಭರತದ ವೇಳೆಗೆ ಸರಿಯಾಗಿ ವಾಯವ್ಯದಿಂದ ಬೀಸಿದ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ಅದರ ಕಿರಿದಾದ, ಆಳ ಕಡಿಮೆಯಿರುವ ದಕ್ಷಿಣ ಮೂಲೆಗೆ ನೂಕಿತು. ಹುಕ್ ಫಾನ್ ಹಾಲಂಡ್ ಎಂಬಲ್ಲಿ ನೀರು ದೇಶದ ಅಳತೆಯ ಆಧಾರಮಟ್ಟಕ್ಕಿಂತ 3.85 ಮೀಟರ್ ಮೇಲೇರಿತು. ಝೇಲ್ಯಾಂಡ್ ಮತ್ತು ಅದರ ನೆರೆಯ ಪ್ರಾಂತಗಳಲ್ಲಿ ಏರಿಗಳು ಒಂದಾದಮೇಲೊಂದು ಒಡೆದವು. ನೆದರ್ಲೆಂಡ್ಸಿನಲ್ಲಿ 1,836 ಮಂದಿ, ಇಂಗ್ಲೆಂಡಿನ ಪೂರ್ವತೀರದಲ್ಲಿ 307 ಮಂದಿ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಬಹುಮಂದಿ ನಿದ್ದೆಯ ಹೊತ್ತಿನಲ್ಲಿ, ಯಾವ ಸೂಚನೆಯೂ ತಲುಪದ ಹಳ್ಳಿಗಳಲ್ಲಿ ನೀರಿಗೆ ಸಿಕ್ಕಿದವರು. ಈ ವಿದ್ಯೆಯ ಚರಿತ್ರೆಯನ್ನು ಬರೆಯುವಾಗ ಆ ಸಾವುಗಳನ್ನು ಕೇವಲ ಒಂದು ತಿರುವಿನ ಗುರುತಾಗಿ ಕಾಣುವುದು ನ್ಯಾಯವಲ್ಲ, ಏಕೆಂದರೆ ಮುಂದೆ ಬಂದ ಪ್ರತಿಯೊಂದು ಸಮೀಕರಣವೂ ಅವರ ಋಣದಲ್ಲಿದೆ.

ದುರಂತವಾಗಿ ಮೂರು ವಾರಗಳೊಳಗೆ ಡೆಲ್ಟಾ ಆಯೋಗ ನೇಮಕವಾಯಿತು. ಆಯೋಗದ ಮುಂದಿದ್ದ ಮೊದಲ ಪ್ರಶ್ನೆ, ಏರಿಗಳು ಎಷ್ಟು ಎತ್ತರವಿರಬೇಕು ಎಂಬುದು. ಅಲ್ಲಿಯವರೆಗೆ ಕಂಡ ಅತಿ ಎತ್ತರದ ನೆರೆಯ ಗುರುತಿಗಿಂತ ಒಂದಿಷ್ಟು ಮೇಲೆ ಎಂಬುದೇ ಶತಮಾನಗಳ ವಾಡಿಕೆಯ ಉತ್ತರವಾಗಿತ್ತು. ಆಮ್‌ಸ್ಟರ್‌ಡಾಮಿನ ಗಣಿತ ಕೇಂದ್ರದ ಡೇವಿಡ್ ಫಾನ್ ಡಾಂಟ್ಸಿಗ್ ಈ ವಾಡಿಕೆಯನ್ನು ಬದಿಗಿಟ್ಟು, ಏರಿಯನ್ನು ಎತ್ತರಿಸುವ ಖರ್ಚು ಮತ್ತು ಎತ್ತರಿಸದೆ ಬಿಟ್ಟರೆ ನಿರೀಕ್ಷಿಸಬೇಕಾದ ನಷ್ಟ ಇವೆರಡರ ಮೊತ್ತ ಅತಿ ಕಡಿಮೆಯಾಗುವ ಎತ್ತರವೇ ಸರಿಯಾದದ್ದು ಎಂಬ ಸಂಭವನೀಯತೆಯ ವಾದವನ್ನು ಮುಂದಿಟ್ಟು, ಅದನ್ನು 1956ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಆಯೋಗವು ಮಧ್ಯ ಹಾಲಂಡಿಗೆ ಹತ್ತು ಸಾವಿರ ವರ್ಷಗಳಿಗೊಮ್ಮೆ ಬರಬಹುದಾದ ಉಬ್ಬರವನ್ನು, ಅಂದರೆ ಹುಕ್ ಫಾನ್ ಹಾಲಂಡಿನಲ್ಲಿ 5 ಮೀಟರ್ ಮಟ್ಟವನ್ನು, ಮಾನದಂಡವಾಗಿ ಸ್ವೀಕರಿಸಿತು. ಫಾನ್ ವೇನ್ ಅವರ ಕಲ್ಪನೆಯಿಂದ ಬೆಳೆದ ‘ಡೆಲ್ಟಾರ್’ ಎಂಬ ದೊಡ್ಡ ವಿದ್ಯುತ್ ಯಂತ್ರ 1960ರಲ್ಲಿ ಸಿದ್ಧವಾಗಿ, ಆಯೋಗ ಸೂಚಿಸಿದ ಡೆಲ್ಟಾ ಯೋಜನೆಯಂತೆ ನದಿಮುಖಗಳನ್ನು ಅಣೆಕಟ್ಟುಗಳಿಂದ ಮುಚ್ಚಿದರೆ ಭರತ ಹೇಗೆ ಬದಲಾಗುತ್ತದೆಂಬುದನ್ನು 1984ರವರೆಗೂ ಗಣಿಸಿತು. ಅಂಕಿಗಳಿಂದ ಕೆಲಸ ಮಾಡುವ ಕಂಪ್ಯೂಟರುಗಳು ಅದನ್ನು ಮೂಲೆಗೆ ಸರಿಸುವಷ್ಟರಲ್ಲಿ ಫಾನ್ ವೇನ್ ಗತಿಸಿ ಕಾಲು ಶತಮಾನವಾಗಿತ್ತು.

ಏರಿಗಳ ಎತ್ತರ ನಿರ್ಧಾರವಾದ ಮೇಲೂ ಮರಳದಿಬ್ಬಗಳ ಪ್ರಶ್ನೆ ಹಾಗೆಯೇ ಉಳಿಯಿತು. ಮಣ್ಣಿನ ಏರಿಗೆ ನಿಶ್ಚಿತ ಎತ್ತರವಿದೆ, ಅದು ನಿಂತಲ್ಲೇ ನಿಂತು ಎದುರಿಸುತ್ತದೆ. ದಿಬ್ಬವಾದರೋ ತನ್ನ ಮೈಯ ಮರಳನ್ನು ಬಿಟ್ಟುಕೊಟ್ಟು ಎದುರಿಸುತ್ತದೆ. ಅಲೆಗಳು ಬುಡವನ್ನು ತಿಂದಾಗ ದಿಬ್ಬದ ಮುಖ ಕಡಿದಾಗಿ ಕುಸಿಯುತ್ತದೆ. ಕುಸಿದ ಮರಳನ್ನು ಹಿಂದೆ ಸರಿಯುವ ನೀರು ತುಸು ಆಚೆಗೆ ಎಳೆದೊಯ್ದು ಹರಡುತ್ತದೆ. ಹರಡಿದ ಮರಳಿನಿಂದ ದಡದ ಮುಂದಿನ ತಳ ಎತ್ತರವಾಗಿ ಅಲೆಗಳು ಅಲ್ಲೇ ಮುರಿಯತೊಡಗುತ್ತವೆ. ಆಗ ಕೊರೆತ ನಿಧಾನವಾಗುತ್ತದೆ. ಈ ಸರಳ ಹಾಗೂ ಸುಂದರ ವ್ಯವಸ್ಥೆಯನ್ನು ಮರಳಿನ ಜಮಾ-ಖರ್ಚಿನ ರೂಪದಲ್ಲಿ ಮೊದಲು ಬರೆದವರಲ್ಲಿ ಡಚ್ ಎಂಜಿನಿಯರ್ ಎಡೆಲ್‌ಮನ್ ಪ್ರಮುಖರು. ದಿಬ್ಬದಿಂದ ಹೋದ ಮರಳು ಎಲ್ಲಿಯೋ ಮಾಯವಾಗದೆ ಎದುರಿಗಿನ ತಳದಲ್ಲೇ ನೆಲೆಸುತ್ತದೆ ಎಂದಾದರೆ, ಬಿರುಗಾಳಿಯ ನಂತರದ ತೀರದ ಇಳಿಜಾರು ಎಂಥದೆಂದು ತಿಳಿದರೆ ಸಾಕು, ಹೋದದ್ದೂ ಬಂದದ್ದೂ ಸಮನಾಗುವಂತೆ ಆ ಇಳಿಜಾರಿನ ರೇಖೆಯನ್ನು ಹಿಂದಕ್ಕೆ ಸರಿಸಿ ದಿಬ್ಬ ಎಷ್ಟು ಹಿಂಜರಿಯುತ್ತದೆಂದು ಹೇಳಿಬಿಡಬಹುದು ಎಂಬುದು 1968 ಮತ್ತು 1972ರ ಅವರ ಪ್ರಬಂಧಗಳ ಸಾರ. ಆದರೆ ಆ ಇಳಿಜಾರಿನ ನಿಜವಾದ ರೂಪ ಯಾವುದು ಎಂಬುದು ಮಾತ್ರ ಊಹೆಯಾಗಿಯೇ ಇತ್ತು. ಬಿರುಗಾಳಿಯ ನಡುವೆ ಕಡಲಿಗಿಳಿದು ತಳವನ್ನು ಅಳೆಯುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ.

ಉಳಿದ ದಾರಿಯೆಂದರೆ ಪ್ರಯೋಗಾಲಯ. 1927ರಲ್ಲಿ ಸ್ಥಾಪನೆಯಾದ ಡೆಲ್ಫ್ಟ್ ಜಲಪ್ರಯೋಗಾಲಯವು ಬಂದರು, ನದಿಮುಖಗಳ ಕಿರುಪ್ರತಿಗಳನ್ನು ಕಟ್ಟಿ ನೀರು ಹರಿಸಿ ನೋಡುವುದರಲ್ಲಿ ಪಳಗಿತ್ತು. ಆದರೆ ಮರಳಿನ ವಿಷಯದಲ್ಲಿ ಒಂದು ಮೂಲಭೂತ ತೊಡಕು ಎದುರಾಯಿತು. ಅಲೆಯನ್ನು ಮೂವತ್ತನೆಯ ಒಂದು ಪಾಲಿಗೆ ಇಳಿಸಬಹುದು, ದಿಬ್ಬವನ್ನೂ ಇಳಿಸಬಹುದು. ಮರಳಿನ ಕಣವನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ ಅದು ಮರಳಾಗಿ ಉಳಿಯದೆ ಒಂದಕ್ಕೊಂದು ಅಂಟಿಕೊಳ್ಳುವ ಜೇಡಿಯಾಗುತ್ತದೆ. ಮರಳನ್ನು ಇದ್ದಂತೆಯೇ ಬಳಸಿದರೆ ಸಣ್ಣ ತೊಟ್ಟಿಯ ದುರ್ಬಲ ಅಲೆಗಳು ಅದನ್ನು ಕಡಲಿನ ಅಲೆಗಳಷ್ಟು ದೂರ ಒಯ್ಯಲಾರವು. ಪಿಯರ್ ವೆಲ್ಲಿಂಗಾ ಎಂಬ ಯುವ ಸಂಶೋಧಕರು ಈ ತೊಡಕನ್ನು ತಪ್ಪಿಸಿಕೊಳ್ಳಲು ಯತ್ನಿಸದೆ ಅದನ್ನೇ ಅಳೆದರು. ಒಂದೇ ದಿಬ್ಬವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಕಟ್ಟಿ, ಪ್ರತಿಯೊಂದನ್ನೂ ಅಲೆಗೊಡ್ಡಿ, ಪ್ರಮಾಣ ಹೆಚ್ಚಿದಂತೆ ಫಲಿತಾಂಶ ಯಾವ ರೀತಿಯಲ್ಲಿ ಬದಲಾಗುತ್ತದೆಂದು ಗುರುತಿಸಿ, ಅದರಿಂದ ಸಣ್ಣ ಪ್ರಯೋಗವನ್ನು ದೊಡ್ಡ ಕಡಲಿಗೆ ಹೊಂದಿಸುವ ನಿಯಮವನ್ನು ಕಂಡುಹಿಡಿದರು. ಕಣದ ಗಾತ್ರಕ್ಕಿಂತಲೂ, ನಿಂತ ನೀರಿನಲ್ಲಿ ಕಣ ಎಷ್ಟು ವೇಗವಾಗಿ ತಳಕ್ಕಿಳಿಯುತ್ತದೆ ಎಂಬುದೇ ಇಲ್ಲಿ ನಿರ್ಣಾಯಕವೆಂದು ತಿಳಿದುಬಂದಿತು. ತಡವಾಗಿ ಇಳಿಯುವ ನುಣ್ಣನೆಯ ಮರಳನ್ನು ನೀರು ಹೆಚ್ಚು ದೂರ ಒಯ್ಯುವುದರಿಂದ ಅಂಥ ತೀರದ ಇಳಿಜಾರು ಚಪ್ಪಟೆಯಾಗಿಯೂ ಕೊರೆತ ಹೆಚ್ಚಾಗಿಯೂ ಇರುತ್ತದೆ.

ನಿಯಮ ಸರಿಯೇ ಎಂಬ ಪರೀಕ್ಷೆಗೆ 1980ರಲ್ಲಿ ಸಿದ್ಧವಾದ ಡೆಲ್ಟಾ ಅಲೆಗಾಲುವೆ ಒದಗಿಬಂದಿತು. ಇನ್ನೂರು ಮೀಟರಿಗೂ ಹೆಚ್ಚು ಉದ್ದ, 5 ಮೀಟರ್ ಅಗಲ, 7 ಮೀಟರ್ ಆಳದ ಈ ಕಾಂಕ್ರೀಟ್ ಕಾಲುವೆಯ ಒಂದು ತುದಿಯಲ್ಲಿ ಯಂತ್ರ ಎಬ್ಬಿಸುವ ಅಲೆಗಳು ಇನ್ನೊಂದು ತುದಿಯ ಮರಳದಿಬ್ಬವನ್ನು ಗಂಟೆಗಟ್ಟಲೆ ಬಡಿದವು. ಲೆಕ್ಕ ಹೊಂದಿತು. 1953ರ ದುರಂತದ ಬಳಿಕ ಸಮೀಕ್ಷಕರು ಬರೆದಿಟ್ಟಿದ್ದ ದಿಬ್ಬಗಳ ಅಳತೆಗಳು ಎರಡನೆಯ ಸಾಕ್ಷಿಯಾದವು. ಹೀಗೆ ದೊರೆತ ಸೂತ್ರ ಅಲೆಯ ಎತ್ತರ, ಮರಳಿನ ಇಳಿವೇಗ, ನೀರಿನ ಗರಿಷ್ಠ ಮಟ್ಟ ಎಂಬ ಮೂರೇ ಸಂಗತಿಗಳಿಂದ ಬಿರುಗಾಳಿಯ ನಂತರದ ತೀರದ ರೇಖೆಯನ್ನು ಎಳೆಯುತ್ತದೆ. ಉಬ್ಬರದ ಶಿಖರ ಸುಮಾರು ಐದು ಗಂಟೆಗಳ ಕಾಲ ನಿಂತಂತೆ ಭಾವಿಸುತ್ತದೆ. ಕುಸಿದ ದಿಬ್ಬದ ಮುಖಕ್ಕೆ 45 ಡಿಗ್ರಿಯ ಇಳಿಜಾರು ಕೊಡುತ್ತದೆ. 1984ರಲ್ಲಿ ಇದು ದಿಬ್ಬಗಳ ಸುರಕ್ಷತೆಯನ್ನು ಪರಿಶೀಲಿಸುವ ಅಧಿಕೃತ ಮಾರ್ಗಸೂಚಿಯಾಯಿತು, 1986ರಲ್ಲಿ ವೆಲ್ಲಿಂಗಾ ಅವರ ಮಹಾಪ್ರಬಂಧವಾಗಿ ಪೂರ್ಣರೂಪ ಪಡೆಯಿತು. ‘ಡ್ಯೂರೋಸ್’ ಎಂಬ ಹೆಸರಿನ ಈ ಮಾದರಿಯನ್ನು ನಡೆಸಲು ಆ ಕಾಲದ ಸಾಧಾರಣ ಕಂಪ್ಯೂಟರೇ ಸಾಕಾಗಿತ್ತು.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬಿರುಗಾಳಿಗೆ ಮುಂಚಿನ ತೀರದ ರೂಪವನ್ನು ಕೊಡಲೇಬೇಕು, ಮತ್ತು ಈ ಚರಿತ್ರೆಯ ಅತ್ಯಂತ ಮಹತ್ವದ ಆದರೆ ಅತ್ಯಂತ ಕಡಿಮೆ ಹೊಗಳಿಸಿಕೊಂಡ ಅಧ್ಯಾಯ ಇರುವುದು ಇಲ್ಲೇ. ಹಾಲಂಡ್ ತೀರದುದ್ದಕ್ಕೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದಲೇ ಗುರುತಿನ ಕಂಬಗಳನ್ನು ನೆಟ್ಟು, ಆ ಕಂಬಗಳಿಂದ ದಿಬ್ಬದ ಬುಡ, ಭರತದ ರೇಖೆ, ಇಳಿತದ ರೇಖೆ ಇವು ಎಷ್ಟು ದೂರದಲ್ಲಿವೆ ಎಂದು ವರ್ಷವರ್ಷವೂ ಅಳೆಯುವ ಪದ್ಧತಿಯಿತ್ತು. 1965ರಿಂದ ಈ ಪದ್ಧತಿ ವಿಸ್ತಾರಗೊಂಡು, ಇಡೀ ದೇಶದ ತೀರದಲ್ಲಿ ಸುಮಾರು 200ರಿಂದ 250 ಮೀಟರಿಗೊಂದರಂತೆ ದಿಬ್ಬದ ನೆತ್ತಿಯಿಂದ ನೀರಿನೊಳಗಿನ ತಳದವರೆಗೆ ತೀರದ ಅಡ್ಡಸೀಳು ರೇಖೆಯನ್ನು ಪ್ರತಿವರ್ಷವೂ ದಾಖಲಿಸುವ ‘ಯಾರ್ಕಸ್’ ಸಮೀಕ್ಷೆಯಾಯಿತು. ನೆಲದ ಮೇಲಿನ ಭಾಗಕ್ಕೆ ಮಟ್ಟ ನೋಡುವ ಉಪಕರಣಗಳನ್ನು, ಮುಂದೆ ವಿಮಾನದ ಛಾಯಾಚಿತ್ರಗಳನ್ನು, ಅನಂತರ ಲೇಸರ್ ಕಿರಣಗಳನ್ನು ಬಳಸಲಾಯಿತು; ನೀರಿನೊಳಗಿನ ಭಾಗವನ್ನು ದೋಣಿಯಿಂದ ಶಬ್ದತರಂಗಗಳನ್ನು ಬಿಟ್ಟು ಅಳೆಯಲಾಯಿತು. ಸರ್ಕಾರಗಳು ಬದಲಾದರೂ ಅಳತೆ ನಿಲ್ಲಲಿಲ್ಲ. ಸಾಧಾರಣ ವರ್ಷಗಳಲ್ಲಿ ಪ್ರಯೋಜನವೇ ಕಾಣದ ಇಂಥ ಕೆಲಸಕ್ಕೆ ಅರ್ಧ ಶತಮಾನಕ್ಕೂ ಮೀರಿ ಹಣವನ್ನೂ ಜನರನ್ನೂ ಒದಗಿಸುತ್ತ ಬಂದದ್ದು ಡೆಲ್ಟಾ ಯೋಜನೆಯ ಭವ್ಯ ಅಣೆಕಟ್ಟುಗಳಿಗಿಂತ ಯಾವ ರೀತಿಯಲ್ಲೂ ಕಿರಿದಾದ ಸಾಧನೆಯಲ್ಲ. 1990ರಲ್ಲಿ ಅಂದಿನ ತೀರರೇಖೆಯನ್ನು ಹಿಂದೆ ಸರಿಯಗೊಡುವುದಿಲ್ಲವೆಂದು ನಿರ್ಧರಿಸಿ, ಕೊರೆದುಹೋದಷ್ಟು ಮರಳನ್ನು ಆಳಗಡಲಿನಿಂದ ಹೂಳೆತ್ತುವ ಹಡಗುಗಳ ಮೂಲಕ ತಂದು ಸುರಿಯುವ ನೀತಿಯನ್ನು ಆ ದೇಶ ಅಂಗೀಕರಿಸಲು ಸಾಧ್ಯವಾದದ್ದೂ, ಎಲ್ಲಿ ಎಷ್ಟು ಸುರಿಯಬೇಕೆಂದು ಹೇಳಬಲ್ಲ ಈ ದಾಖಲೆ ಕೈಯಲ್ಲಿದ್ದುದರಿಂದ.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ಬೇರೊಂದು ಧಾರೆ ಹರಿಯುತ್ತಿತ್ತು. ಡೆನ್ಮಾರ್ಕ್ ಮೂಲದ ಪರ್ ಬ್ರೂನ್ 1954ರಲ್ಲಿ, ದಡದಿಂದ ದೂರ ಹೋದಂತೆ ನೀರಿನ ಆಳವು ಆ ದೂರದ ಮೂರನೆಯ ಎರಡು ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಅಳತೆಗಳ ಆಧಾರದಿಂದ ಸೂಚಿಸಿದ್ದರು. ಫ್ಲಾರಿಡಾದಲ್ಲಿ ನೆಲೆಸಿ ದುಡಿದ ರಾಬರ್ಟ್ ಡೀನ್ 1977ರಲ್ಲಿ ಅಮೆರಿಕದ ತೀರಗಳ ಐನೂರಕ್ಕೂ ಹೆಚ್ಚು ಅಡ್ಡಸೀಳು ರೇಖೆಗಳನ್ನು ಪರಿಶೀಲಿಸಿ ಅದನ್ನು ದೃಢಪಡಿಸಿದರು. ಬಿರುಗಾಳಿ ತೀರವನ್ನು ಈ ಸಮತೋಲದ ರೂಪದಿಂದ ಕದಲಿಸಿ ಹೊಸ ಸಮತೋಲದತ್ತ ಒಯ್ಯುತ್ತದೆ, ಆದರೆ ಅಲ್ಲಿಗೆ ಮುಟ್ಟುವ ಮೊದಲೇ ಬಿರುಗಾಳಿ ಮುಗಿದುಹೋಗುತ್ತದೆ ಎಂಬ ವಿಚಾರವನ್ನು ಹಿಡಿದು, ಡೇವಿಡ್ ಕ್ರೀಬೆಲ್ ಮತ್ತು ಡೀನ್ 1985ರಲ್ಲಿ ಕಾಲಕ್ರಮದಂತೆ ಕೊರೆತವನ್ನು ಗಣಿಸುವ ಮಾದರಿಯನ್ನು ರಚಿಸಿ, 1975ರ ಎಲೋಯಿಸ್ ಚಂಡಮಾರುತ ಫ್ಲಾರಿಡಾದ ದಿಬ್ಬಗಳಿಗೆ ಮಾಡಿದ ಹಾನಿಯೊಡನೆ ಅದನ್ನು ಹೋಲಿಸಿದರು. 1989ರಲ್ಲಿ ಸ್ವೀಡನ್ನಿನ ಮ್ಯಾಗ್ನಸ್ ಲಾರ್ಸನ್ ಮತ್ತು ಅಮೆರಿಕದ ಸೇನಾ ಎಂಜಿನಿಯರ್ ದಳದ ನಿಕೊಲಸ್ ಕ್ರಾಸ್ ರೂಪಿಸಿದ ‘ಎಸ್‌ಬೀಚ್’ ಎಂಬ ಮಾದರಿ ಅಮೆರಿಕ ಮತ್ತು ಜಪಾನಿನ ದೊಡ್ಡ ಅಲೆತೊಟ್ಟಿಗಳ ಪ್ರಯೋಗಗಳ ಮೇಲೆ ನಿಂತಿತ್ತು. ಚಂಡಮಾರುತದ ನೀರಿನ ಮಟ್ಟವನ್ನು ಮುಂಗಾಣುವ ಚೆಸ್ಟರ್ ಜೆಲೆಸ್ನಿಯಾನ್ಸ್ಕಿಯವರ ‘ಸ್ಲಾಶ್’ ಮಾದರಿ ಅಮೆರಿಕದ ಹವಾಮಾನ ಸೇವೆಯಲ್ಲಿ ಜನರನ್ನು ಸ್ಥಳಾಂತರಿಸುವ ಯೋಜನೆಗಳಿಗೆ ಆಧಾರವಾಯಿತು.

ಕೊರೆತವನ್ನು ಗಣಿಸುವ ಈ ಎಲ್ಲ ಮಾದರಿಗಳಿಗೂ ಒಂದು ಸಾಮಾನ್ಯ ಮಿತಿಯಿತ್ತು. ಅವು ತೀರವನ್ನು ಒಂದೇ ಸೀಳಿನ ರೇಖೆಯಾಗಿ ಕಂಡವು, ಮತ್ತು ದಿಬ್ಬ ಎಂದೂ ಪೂರ್ಣವಾಗಿ ಮುಳುಗುವುದಿಲ್ಲವೆಂದು ನಂಬಿದವು. ಅಮೆರಿಕದ ಪೂರ್ವ ಹಾಗೂ ದಕ್ಷಿಣ ತೀರಗಳಲ್ಲಿ ಕಡಲಿಗೂ ಹಿನ್ನೀರಿಗೂ ನಡುವೆ ಚಾಚಿರುವ ಉದ್ದನೆಯ, ತಗ್ಗಾದ ಮರಳ ದ್ವೀಪಗಳಲ್ಲಿ ಇದು ನಿಜವಾಗಿರಲಿಲ್ಲ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಆಸ್ಬರಿ ಸ್ಯಾಲೆಂಜರ್ 2000ದಲ್ಲಿ ಬಿರುಗಾಳಿಯ ಹೊಡೆತವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಅಲೆ ದಿಬ್ಬದ ಬುಡ ಮುಟ್ಟದೆ ದಂಡೆಯಲ್ಲೇ ಆಡುವುದು, ಬುಡಕ್ಕೆ ಬಡಿಯುವುದು, ನೆತ್ತಿ ದಾಟಿ ಮರಳನ್ನು ಒಳನಾಡಿಗೆ ಒಯ್ಯುವುದು, ಕೊನೆಗೆ ದ್ವೀಪವನ್ನೇ ಮುಳುಗಿಸುವುದು. ಮೂರು ಮತ್ತು ನಾಲ್ಕನೆಯ ಹಂತಗಳನ್ನು ಗಣಿಸುವ ಸಾಧನ ಆಗ ಇರಲಿಲ್ಲ. 2004ರಲ್ಲಿ ಫ್ಲಾರಿಡಾವನ್ನು ಸಾಲಾಗಿ ಅಪ್ಪಳಿಸಿದ ಚಂಡಮಾರುತಗಳು, 2005ರ ಕತ್ರೀನಾ, ಈ ಕೊರತೆಯನ್ನು ನಿರ್ದಯವಾಗಿ ತೋರಿಸಿಕೊಟ್ಟವು.

ಅಮೆರಿಕದ ಸೇನಾ ಎಂಜಿನಿಯರ್ ದಳದ ನೆರವಿನಿಂದ ಡಚ್ ಸಂಶೋಧಕ ಡಾನೊ ರೂಲ್‌ವಿಂಕ್ ಮತ್ತು ಅವರ ಸಂಗಡಿಗರು ಡೆಲ್ಫ್ಟ್‌ನಲ್ಲಿ ರೂಪಿಸಿ 2009ರಲ್ಲಿ ವಿವರವಾಗಿ ಪ್ರಕಟಿಸಿದ ‘ಎಕ್ಸ್‌ಬೀಚ್’ ಮಾದರಿಯ ಹೊಸತನ ಎರಡು ಭೌತಿಕ ಸಂಗತಿಗಳಲ್ಲಿದೆ. ಕಡಲಿನ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡ ಅಲೆಗಳ ಒಂದು ಗುಂಪು, ಅದರ ಹಿಂದೆ ಸಣ್ಣವುಗಳ ಒಂದು ಗುಂಪು, ಹೀಗೆ. ಈ ಗುಂಪುಗಳು ಅರ್ಧ ನಿಮಿಷದಿಂದ ಕೆಲವು ನಿಮಿಷಗಳವರೆಗಿನ ಆವರ್ತದ ದೀರ್ಘ ಅಲೆಗಳನ್ನು ಹುಟ್ಟಿಸುತ್ತವೆಂದು ವಾಲ್ಟರ್ ಮುಂಕ್ 1949ರಲ್ಲೇ ತೋರಿಸಿದ್ದರು. ಬಿರುಗಾಳಿಯ ವೇಳೆ ಕಣ್ಣಿಗೆ ಕಾಣುವ ಗಿಡ್ಡ ಅಲೆಗಳು ದಂಡೆಯಿಂದ ದೂರದಲ್ಲೇ ಮುರಿದು ಶಕ್ತಿಗುಂದಿದರೂ, ಕಣ್ಣಿಗೆ ಸುಲಭವಾಗಿ ಕಾಣದ ಈ ದೀರ್ಘ ಅಲೆಗಳು ಮುರಿಯದೆ ದಿಬ್ಬದ ಬುಡದವರೆಗೆ ಸಾಗಿ ನೀರನ್ನು ಮೇಲೇರಿಸುತ್ತವೆ. ದಿಬ್ಬವನ್ನು ನಿಜವಾಗಿ ಕೆಡಹುವುದರಲ್ಲಿ ಅವುಗಳ ಪಾತ್ರವೇ ದೊಡ್ಡದು. ಎಕ್ಸ್‌ಬೀಚ್ ಒಂದೊಂದು ಗಿಡ್ಡ ಅಲೆಯನ್ನೂ ಹಿಂಬಾಲಿಸದೆ ಅಲೆಗುಂಪುಗಳ ಶಕ್ತಿಯನ್ನು ಹಿಂಬಾಲಿಸಿ, ಅವುಗಳಿಂದ ಹುಟ್ಟುವ ದೀರ್ಘ ಅಲೆಗಳನ್ನು ಪೂರ್ಣವಾಗಿ ಗಣಿಸುತ್ತದೆ. ಎರಡನೆಯ ಸಂಗತಿ ಕುಸಿತಕ್ಕೆ ಸಂಬಂಧಿಸಿದ್ದು: ಒಣ ಮರಳು ಬಲು ಕಡಿದಾದ ಇಳಿಜಾರಿನಲ್ಲೂ ನಿಲ್ಲಬಲ್ಲದು, ಅದೇ ಮರಳು ನೀರು ತಾಗಿದೊಡನೆ ತೀರ ಕಡಿಮೆ ಇಳಿಜಾರಿನಲ್ಲಿ ಜಾರುತ್ತದೆ. ಒಣಗಿದ್ದಾಗ ಒಂದು, ನೆನೆದಾಗ ಸುಮಾರು 0.3 ಎಂಬ ಎರಡು ಇಳಿಜಾರಿನ ಮಿತಿಗಳನ್ನು ಇಟ್ಟ ಮಾತ್ರಕ್ಕೆ, ದೀರ್ಘ ಅಲೆ ಬಂದು ಬುಡ ತೋಯಿಸಿದಾಗಲೆಲ್ಲ ದಿಬ್ಬ ಪದರ ಪದರವಾಗಿ ಕುಸಿಯುವ ದೃಶ್ಯ ಲೆಕ್ಕದಲ್ಲಿ ಮೂಡಿತು. ದಿಬ್ಬ ಕುಸಿಯುವುದು, ನೀರು ನೆತ್ತಿ ದಾಟುವುದು, ದ್ವೀಪ ಸೀಳುವುದು, ಈ ಎಲ್ಲವನ್ನೂ ಒಂದೇ ಮಾದರಿ ಗಣಿಸಬಲ್ಲದಾಯಿತು. 2012ರ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್ ಬಳಿಯ ಫೈರ್ ಐಲೆಂಡನ್ನು ಸೀಳಿದ್ದನ್ನು ಇದೇ ಮಾದರಿಯಿಂದ ಅನಂತರ ಅಭ್ಯಾಸ ಮಾಡಲಾಯಿತು.

ಡಚ್ಚರ ನಾಡಿನಲ್ಲಿಯೂ ಹಳೆಯ ಸೂತ್ರ ಹಾಗೆಯೇ ಉಳಿಯಲಿಲ್ಲ. ಭಾರೀ ಬಿರುಗಾಳಿಗಳಲ್ಲಿ ಅಲೆಗಳ ಆವರ್ತ, ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಣ ಕಾಲ, ಹಿಂದೆ ಭಾವಿಸಿದ್ದಕ್ಕಿಂತ ದೀರ್ಘವಾಗಿರಬಹುದೆಂದು ತಿಳಿದಾಗ ಡೆಲ್ಟಾ ಅಲೆಗಾಲುವೆಯಲ್ಲಿ ಮತ್ತೆ ಪ್ರಯೋಗಗಳು ನಡೆದು, ಆವರ್ತ ಹೆಚ್ಚಿದರೆ ಕೊರೆತವೂ ಹೆಚ್ಚುತ್ತದೆಂದು ಸಿದ್ಧವಾಗಿ, ಸೂತ್ರವನ್ನು ತಿದ್ದಲಾಯಿತು. ತೀರದ ಹಲವು ದುರ್ಬಲ ತಾಣಗಳನ್ನು ಬಲಪಡಿಸಲಾಯಿತು. ನೋರ್ಡ್‌ವೈಕ್ ಮತ್ತು ಕಟ್‌ವೈಕ್ ಪಟ್ಟಣಗಳ ಮುಂದಿನ ದಿಬ್ಬಗಳ ಒಡಲಿನಲ್ಲಿ ಇಂದು ಕಲ್ಲಿನ ಏರಿ ಹುದುಗಿದೆ.

ಮಾದರಿಗಳ ಮೇಲಿನ ಭರವಸೆಗೆ ಗಂಭೀರ ಆಕ್ಷೇಪಗಳೂ ಬಂದಿವೆ. ಡ್ಯೂಕ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಆರಿನ್ ಪಿಲ್ಕಿ, ಸಮುದ್ರಮಟ್ಟ ಏರಿದರೆ ತೀರ ಎಷ್ಟು ಹಿಂಜರಿಯುತ್ತದೆಂದು ಹೇಳುವ ಬ್ರೂನ್ ಅವರ ನಿಯಮವನ್ನು ಅದರ ಪೂರ್ವಭಾವನೆಗಳನ್ನು ಲೆಕ್ಕಿಸದೆ ಎಲ್ಲೆಡೆ ಅನ್ವಯಿಸುವುದನ್ನು ದಶಕಗಳ ಕಾಲ ಖಂಡಿಸಿ, 2007ರಲ್ಲಿ ಈ ಕುರಿತು ಲಿಂಡಾ ಪಿಲ್ಕಿ-ಜಾರ್ವಿಸ್ ಅವರೊಡನೆ ಪುಸ್ತಕವನ್ನೇ ಬರೆದರು. ಅವರ ಆಕ್ಷೇಪದಲ್ಲಿ ಹುರುಳಿದೆ. ಯಾವ ಮಾದರಿಯಲ್ಲೂ ಸ್ಥಳಕ್ಕೆ ತಕ್ಕಂತೆ ಹೊಂದಿಸಬೇಕಾದ ಗುಣಾಂಕಗಳಿರುತ್ತವೆ. ಹಿಂದೆ ಬಂದುಹೋದ ಬಿರುಗಾಳಿಯೊಂದರ ಮೊದಲಿನ ಮತ್ತು ನಂತರದ ತೀರದ ಅಳತೆ ಇಲ್ಲದಿದ್ದರೆ ಅವುಗಳನ್ನು ಹೊಂದಿಸುವ ದಾರಿಯಿಲ್ಲ, ಮತ್ತು ಹಾಗೆ ಹೊಂದಿಸದ ಮಾದರಿಯಿಂದ ಬರುವ ಬಣ್ಣದ ನಕ್ಷೆ ನೋಡುವವರಿಗೆ ಜ್ಞಾನದಂತೆ ತೋರಿದರೂ ಅದು ಊಹೆಯೇ. ಆದರೆ ಇದರಿಂದ ಮಾದರಿಗಳನ್ನೇ ಕೈಬಿಡಬೇಕೆಂಬ ತೀರ್ಮಾನ ಒಪ್ಪತಕ್ಕದ್ದಲ್ಲ. ವೆಲ್ಲಿಂಗಾ ಅವರ ಸೂತ್ರ ನಿಂತದ್ದು ಅಳತೆಗಳ ಬಲದಿಂದ. ಅಂಥ ಬಲವಿರುವೆಡೆ ಲೆಕ್ಕ ಜನರ ಜೀವ ಉಳಿಸುವ ಸಾಧನವಾಗಿದೆ.

ಭಾರತದಲ್ಲಿ ನೀರಿನ ಲೆಕ್ಕ ಮರಳಿನ ಲೆಕ್ಕಕ್ಕಿಂತ ಬಹಳ ಮುಂದೆ ಸಾಗಿರುವುದು ಬಂಗಾಳ ಕೊಲ್ಲಿಯ ಘೋರ ಅನುಭವಗಳಿಂದ. ಹವಾಮಾನ ವಿಜ್ಞಾನಿ ಪಿ. ಕೆ. ದಾಸ್ 1972ರಲ್ಲಿ ಬಂಗಾಳ ಕೊಲ್ಲಿಯ ಉಬ್ಬರವನ್ನು ಮುಂಗಾಣುವ ಮಾದರಿಯನ್ನು ಪ್ರಕಟಿಸಿದರು. 1977ರ ಆಂಧ್ರದ ಚಂಡಮಾರುತದ ನಂತರ ದಿಲ್ಲಿಯ ಐಐಟಿಯಲ್ಲಿ ಎಸ್. ಕೆ. ದುಬೆ ಮತ್ತು ಸಂಗಡಿಗರು ಈ ಕೆಲಸವನ್ನು ಬೆಳೆಸಿದರು. ಇಂದು ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಉಬ್ಬರದ ಮುನ್ಸೂಚನೆ ನೀಡುತ್ತಿದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನ ಕೇಂದ್ರ 1990ರಿಂದೀಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆಯೆಂದು ವರದಿ ಮಾಡಿದೆ. ಈ ವರದಿಗಳ ಮೌಲ್ಯ ದೊಡ್ಡದು. ಆದರೆ ಉಪಗ್ರಹದ ಚಿತ್ರ ನೀರು ನೆಲ ಕೂಡುವ ರೇಖೆಯನ್ನು ತೋರಿಸುತ್ತದೆಯೇ ಹೊರತು, ನೀರಿನಡಿಯ ತಳದ ಏರಿಳಿತವನ್ನು ತೋರಿಸುವುದಿಲ್ಲ, ಮತ್ತು ಎಕ್ಸ್‌ಬೀಚಿನಂಥ ಮಾದರಿಗೆ ಬೇಕಾದದ್ದು ಆ ಏರಿಳಿತವೇ.

ಕರ್ನಾಟಕದ ಕರಾವಳಿಯ ಸ್ಥಿತಿ ಉತ್ತರ ಸಮುದ್ರದ್ದಲ್ಲ. ಇಲ್ಲಿ ಪ್ರತಿವರ್ಷದ ಮುಂಗಾರಿನ ಅಲೆಗಳು ದಂಡೆಯ ಮರಳನ್ನು ಒಯ್ದು, ಮಳೆಗಾಲ ಕಳೆದ ಮೇಲೆ ಶಾಂತವಾದ ಅಲೆಗಳು ಅದರ ಬಹುಪಾಲನ್ನು ಮರಳಿ ತರುತ್ತವೆ. ಅಳಿವೆಗಳಲ್ಲಿ ನಡೆಯುವ ಮಾರ್ಪಾಡುಗಳು, ಬಂದರಿನ ಅಲೆತಡೆಗಳು, ನದಿಗಳಿಂದ ಬರುವ ಮರಳಿನ ಇಳಿಕೆ ಈ ಕೊಡುಕೊಳ್ಳುವಿಕೆಯನ್ನು ಕೆಡಿಸಬಲ್ಲವು. ನೇತ್ರಾವತಿ-ಗುರುಪುರ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕಡಲ್ಕೊರೆತ ದಶಕಗಳಿಂದ ಮನೆಗಳನ್ನು ನುಂಗಿದೆ. ಕಲ್ಲಿನ ತಡೆಗೋಡೆ ತನ್ನ ಹಿಂದಿನ ಮರಳನ್ನು ಹಿಡಿದಿಡುತ್ತದೆ, ಆದರೆ ದಿಬ್ಬದಂತೆ ಎದುರಿನ ತಳಕ್ಕೆ ಮರಳನ್ನು ಕೊಡಲಾರದ್ದರಿಂದ ಅಲೆಗಳು ಅದರ ಬುಡವನ್ನೇ ತೋಡುತ್ತವೆ. 2010ರಲ್ಲಿ ಒಪ್ಪಿಗೆ ಪಡೆದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ ಉಳ್ಳಾಲದಲ್ಲಿ ಬರಿಯ ಗೋಡೆಯ ಬದಲು ಕಡಲೊಳಗೆ ಅಲೆಯ ಬಲ ಕುಗ್ಗಿಸುವ ಕೃತಕ ದಿಣ್ಣೆಗಳನ್ನು ನಿರ್ಮಿಸಲಾಯಿತು. 2021ರ ಮೇ ತಿಂಗಳಲ್ಲಿ ಕರಾವಳಿಯ ಆಚೆಯಿಂದ ಹಾದುಹೋದ ತೌಕ್ತೆ ಚಂಡಮಾರುತ ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ಹಾನಿ ಮಾಡಿ, ಅರಬ್ಬಿ ಸಮುದ್ರದ ಈ ತೀರವೂ ಬಿರುಗಾಳಿ ಉಬ್ಬರದ ಲೆಕ್ಕದಿಂದ ಹೊರಗಿಲ್ಲವೆಂದು ತೋರಿಸಿತು.

ಎಕ್ಸ್‌ಬೀಚ್ ಇಂದು ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸಬಹುದಾದ ಮಾದರಿ. ಅದನ್ನು ನಡೆಸಬಲ್ಲ ಕಂಪ್ಯೂಟರುಗಳೂ, ಜಲವಿಜ್ಞಾನ ಕಲಿತ ಯುವಜನರೂ ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಗಳಲ್ಲಿ ಇದ್ದಾರೆ. ಆದ್ದರಿಂದ ಕರ್ನಾಟಕದ ಕರಾವಳಿಗೆ ಮೊದಲು ಆಗಬೇಕಾದ ಕೆಲಸ, ತಲಪಾಡಿಯಿಂದ ಕಾರವಾರದವರೆಗೆ ಸ್ಥಿರವಾದ ಗುರುತುಗಳನ್ನು ನೆಟ್ಟು, ಪ್ರತಿವರ್ಷ ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ಮುಂಗಾರು ಕಳೆದ ಮೇಲೆ ಒಮ್ಮೆ, ದಂಡೆಯ ನೆತ್ತಿಯಿಂದ ನೀರಿನೊಳಗಿನ ತಳದವರೆಗೆ ಅದೇ ಸ್ಥಳಗಳಲ್ಲಿ ಅಡ್ಡಸೀಳು ರೇಖೆಗಳನ್ನು ಅಳೆದು, ಆ ಅಂಕಿಗಳನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸುವುದು. ಒಂದು ವರ್ಷದ ಅಳತೆಯಿಂದ ಫಲ ಸಿಗದು, ಹತ್ತು ವರ್ಷ ನಿಲ್ಲದೆ ಅಳೆಯಬೇಕು. ಕರಾವಳಿಯ ಮೂರು ಜಿಲ್ಲೆಗಳ ಆಡಳಿತ, ವಿದ್ಯಾಸಂಸ್ಥೆಗಳು ಮತ್ತು ತೀರವನ್ನು ದಿನನಿತ್ಯ ಕಾಣುವ ಮೀನುಗಾರ ಸಮುದಾಯಗಳು ಕೂಡಿ ಈ ಕೆಲಸವನ್ನು ಮುಂದಿನ ಮುಂಗಾರಿಗೆ ಮೊದಲೇ ಆರಂಭಿಸಬೇಕು.